ಪೌರತ್ವ ಸಿಕ್ಕ ಮೇಲೂ ಸಂಸ್ಕೃತಿಯ ಪರೀಕ್ಷೆ ಮುಗಿಯುವುದಿಲ್ಲವೇ?

ಓದುಗಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಬೇರೊಂದು ದೇಶದಲ್ಲಿ ನೆಲೆಸಿ ಬಹಳ ವರ್ಷಗಳಾಗಿವೆ. ಈಚೆಗೆ ಅವಳಿಗೆ ಅಲ್ಲಿನ ಪೌರತ್ವ ಸಿಕ್ಕಿತು. ಭಾಷೆಯ ಪರೀಕ್ಷೆ ಪಾಸಾದಳು. ಆ ದೇಶದ ಇತಿಹಾಸ, ಸಂವಿಧಾನ ಓದಿಕೊಂಡು ಇನ್ನೊಂದು ಪರೀಕ್ಷೆಯನ್ನೂ ಬರೆದಳು. ಪ್ರಮಾಣವಚನ ಸ್ವೀಕರಿಸಿದಳು. ತೆರಿಗೆ ಕಟ್ಟುತ್ತಾಳೆ, ಮೊದಲ ಸಲ ಮತವನ್ನೂ ಹಾಕಿ ಬಂದಳು.

ಆಮೇಲೊಂದು ದಿನ ಮಗನ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಪಾಠವೊಂದರ ಬಗ್ಗೆ ಇವಳು ಆಕ್ಷೇಪ ಎತ್ತಿದಾಗ ಇನ್ನೊಬ್ಬ ಪೋಷಕರು, "ನಿಮ್ಮ ದೇಶದಲ್ಲಿ ಹೇಗೋ ಗೊತ್ತಿಲ್ಲ, ಇಲ್ಲಿ ನಾವು ಹೀಗೇ ಮಾಡೋದು" ಅಂದರಂತೆ. ಅಲ್ಲೇ ಹುಟ್ಟಿ ಬೆಳೆದವರಿಬ್ಬರು ಅದೇ ಆಕ್ಷೇಪವನ್ನು ಅದೇ ಸಭೆಯಲ್ಲಿ ಎತ್ತಿದ್ದರು. ಅವರಿಗೆ ಯಾರೂ ಹೀಗೆ ಹೇಳಲಿಲ್ಲ.

ನಮ್ಮ ಓದುಗರ ಗುಂಪಿನಲ್ಲಿ ಇದನ್ನು ಹೇಳಿಕೊಂಡೆ. ದೊಡ್ಡ ವಾದವೇ ಆಯಿತು. ಒಬ್ಬರು, "ಪ್ರಜಾಪ್ರಭುತ್ವ ನಡೆಯಬೇಕಾದರೆ ನಾವೆಲ್ಲ ಒಂದು ಎನ್ನುವ ಭಾವನೆ ಇರಬೇಕು. ಅದು ಒಂದೇ ಭಾಷೆ, ಒಂದೇ ಆಚಾರದಿಂದ ಮಾತ್ರ ಬರುತ್ತದೆ" ಅಂದರು. ಇನ್ನೊಬ್ಬರು, "ಸರ್ಕಾರಕ್ಕೂ ಸಂಸ್ಕೃತಿಗೂ ಸಂಬಂಧವೇ ಇರಬಾರದು" ಅಂದರು. ನನಗೆ ಎರಡೂ ಪೂರ್ತಿ ಸರಿ ಅನ್ನಿಸಲಿಲ್ಲ. ಮತದ ಹಕ್ಕು ಕೊಟ್ಟು, ಮಾತಾಡುವ ಹಕ್ಕನ್ನು ಮಾತ್ರ ಸಂಸ್ಕೃತಿ ನೋಡಿ ಅಳೆದರೆ ಅದು ಎಂಥ ಪೌರತ್ವ? ಹಾಗಂತ ಪ್ರಜಾಪ್ರಭುತ್ವಕ್ಕೆ ಯಾವ ಸಂಸ್ಕೃತಿಯೂ ಬೇಡವೇ? ತಿಳಿದವರು ದಯವಿಟ್ಟು ಬರೆಯಿರಿ.

ಹಳೇ ಮೇಷ್ಟ್ರು:

ಓದುಗಿ ಅವರೇ, ನಾನು ರಾಜ್ಯಶಾಸ್ತ್ರ ಪಾಠ ಮಾಡಿದವನು. ನಿಮ್ಮ ತಂಗಿಯವರಿಗೆ ಆದದ್ದು ಸಣ್ಣ ವಿಷಯ ಅಲ್ಲ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಂಸ್ಕೃತಿಯನ್ನು ಬಾಗಿಲಲ್ಲಿ ಕಾವಲಿಗೆ ನಿಲ್ಲಿಸಿದ ಕಡೆಯೆಲ್ಲ, ಯಾರು ಬೇಡ ಎಂದು ಮೊದಲೇ ತೀರ್ಮಾನವಾಗಿತ್ತೋ ಅವರೇ ಹೊರಗುಳಿದಿದ್ದಾರೆ. ಆಸ್ಟ್ರೇಲಿಯಾದ ಉದಾಹರಣೆ ನೋಡಿ. 1901ರ ಕಾಯಿದೆಯಲ್ಲಿ ವಲಸೆ ಬರುವವರಿಗೆ ಉಕ್ತಲೇಖನದ ಪರೀಕ್ಷೆ ಇತ್ತು. ಅಧಿಕಾರಿ 50 ಪದಗಳ ಒಂದು ಭಾಗ ಓದುತ್ತಾನೆ, ಬಂದವನು ಬರೆಯಬೇಕು. ಯಾವ ಯುರೋಪಿಯನ್ ಭಾಷೆ ಎನ್ನುವುದು ಅಧಿಕಾರಿಯ ಇಷ್ಟ! 1934ರಲ್ಲಿ ಎಗೊನ್ ಕಿಶ್ ಎಂಬ ಪತ್ರಕರ್ತ ಬಂದ. ಹಿಟ್ಲರನ ವಿರುದ್ಧ ಭಾಷಣ ಮಾಡಲು ಬಂದವನು. ಅವನಿಗೆ ಹಲವು ಭಾಷೆಗಳು ಬರುತ್ತಿದ್ದವು. ಹಾಗಾಗಿ ಹುಡುಕಿ ಹುಡುಕಿ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಪರೀಕ್ಷೆ ಕೊಟ್ಟರು. ಕೊನೆಗೆ ಅಲ್ಲಿನ ಹೈಕೋರ್ಟೇ ಇದು ನಡೆಯುವುದಿಲ್ಲ ಅಂದಿತು. ಪರೀಕ್ಷೆಯ ಪದ್ಧತಿ ಮಾತ್ರ 1958ರವರೆಗೆ ಕಾನೂನಿನಲ್ಲಿ ಉಳಿಯಿತು. ಬಂದವರಿಗೆ ಭಾಷೆ ಗೊತ್ತಿದೆಯೋ ಇಲ್ಲವೋ ಎಂಬ ಚಿಂತೆ ಅಲ್ಲಿ ಯಾರಿಗೂ ಇರಲಿಲ್ಲ.

ಜರ್ಮನಿಯದು ಇನ್ನೊಂದು ಬಗೆ. ಅಲ್ಲಿನ 1913ರ ಕಾಯಿದೆಯ ಪ್ರಕಾರ ಪೌರತ್ವ ರಕ್ತಸಂಬಂಧದಿಂದ ಬರುತ್ತಿತ್ತು. 1961ರಲ್ಲಿ ಪಶ್ಚಿಮ ಜರ್ಮನಿ ಟರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿಕೊಂಡಿತು. ಅವರ ಮಕ್ಕಳು ಅಲ್ಲೇ ಹುಟ್ಟಿದರು, ಅಲ್ಲೇ ಓದಿದರು, ಜರ್ಮನ್‌ನಲ್ಲೇ ಜಗಳವಾಡಿದರು, ಆದರೂ ಹುಟ್ಟಿನಿಂದ ಪೌರರಾಗಲಿಲ್ಲ. ಅದೇ ಹೊತ್ತಿನಲ್ಲಿ ಸೋವಿಯತ್ ಒಕ್ಕೂಟದಿಂದ ಬಂದ ಜರ್ಮನ್ ವಂಶದವರಿಗೆ, ಭಾಷೆ ಸರಿಯಾಗಿ ಬರದಿದ್ದರೂ, ಪೌರತ್ವ ಸಿಗುತ್ತಿತ್ತು. 2000ದ ಜನವರಿ 1ರಿಂದ ಕಾಯಿದೆ ಬದಲಾಗಿ, ತಂದೆ ಅಥವಾ ತಾಯಿ ಇಷ್ಟು ವರ್ಷ ಅಲ್ಲಿ ಕಾನೂನುಬದ್ಧವಾಗಿ ವಾಸವಿದ್ದರೆ ಅಲ್ಲಿ ಹುಟ್ಟಿದ ಮಗುವಿಗೂ ಪೌರತ್ವ ಸಿಗುವಂತಾಯಿತು. ಒಂದಿಡೀ ತಲೆಮಾರು ತಾನು ಹುಟ್ಟಿದ ದೇಶದ ಕಾನೂನನ್ನು ಪಾಲಿಸಿತು, ಅದನ್ನು ಮಾಡುವವರನ್ನು ಆರಿಸುವ ಹಕ್ಕು ಮಾತ್ರ ಇರಲಿಲ್ಲ. ಅದು ಪ್ರಜಾಪ್ರಭುತ್ವಕ್ಕೇ ಆದ ಪೆಟ್ಟು ಅಲ್ವಾ?

ಈಗ ನಿಮ್ಮ ತಂಗಿಯವರ ವಿಷಯಕ್ಕೆ ಬರುತ್ತೇನೆ. ಅವರು ಬಾಗಿಲು ದಾಟಿ ಒಳಗೆ ಬಂದಾಗಿದೆ. ಒಳಗೆ ಬಂದವರು ಉಳಿದವರ ಹಾಗೇ ಇರಬೇಕಾ? ನಾನು ತರಗತಿಯಲ್ಲಿ ಯಾವಾಗಲೂ ಹೇಳುತ್ತಿದ್ದದ್ದು ಅಮೆರಿಕದ ಎರಡು ತೀರ್ಪುಗಳ ಕಥೆ. ಯೆಹೋವನ ಸಾಕ್ಷಿಗಳು ಎಂಬ ಪಂಗಡದ ಮಕ್ಕಳು ಶಾಲೆಯಲ್ಲಿ ಧ್ವಜಕ್ಕೆ ವಂದಿಸಲು ಒಪ್ಪಲಿಲ್ಲ. ಅವರ ನಂಬಿಕೆಯಲ್ಲಿ ಅದು ತಪ್ಪು. 1940ರಲ್ಲಿ ಸುಪ್ರೀಂ ಕೋರ್ಟು ಶಾಲೆಯ ಕಡೆ ನಿಂತಿತು. ಎಂಟು ನ್ಯಾಯಮೂರ್ತಿಗಳು ಒಂದು ಕಡೆ, ಒಬ್ಬರು ಮಾತ್ರ ಇನ್ನೊಂದು ಕಡೆ. ಆ ಬಳಿಕ ಈ ಪಂಗಡದವರ ಮೇಲೆ ಹಲವು ಊರುಗಳಲ್ಲಿ ದಾಳಿಗಳಾದವು. 1943ರಲ್ಲಿ, ಯುದ್ಧ ಜೋರಾಗಿ ನಡೆಯುತ್ತಿದ್ದಾಗಲೇ, ಅದೇ ಕೋರ್ಟು ತನ್ನ ಮಾತನ್ನು ತಾನೇ ತಿರುಗಿಸಿತು. ದೊಡ್ಡವನಾಗಲಿ ಸಣ್ಣವನಾಗಲಿ, ಯಾವ ಅಧಿಕಾರಿಯೂ ದೇಶಪ್ರೇಮದಲ್ಲಿ ಇದೇ ಸರಿಯಾದ ನಂಬಿಕೆ ಎಂದು ಕಟ್ಟಳೆ ಹಾಕುವಂತಿಲ್ಲ ಎಂದು ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬರೆದರು. ಭಾರತದ ಸುಪ್ರೀಂ ಕೋರ್ಟು 1986ರಲ್ಲಿ ಇದೇ ಪಂಗಡದ ಮೂವರು ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಅವರು ರಾಷ್ಟ್ರಗೀತೆಗೆ ಎದ್ದು ಗೌರವದಿಂದ ನಿಂತಿದ್ದರು, ಹಾಡಿರಲಿಲ್ಲ ಅಷ್ಟೇ. ಅದಕ್ಕಾಗಿ ಶಾಲೆ ಅವರನ್ನು ಹೊರಗೆ ಹಾಕಿತ್ತು.

ಎರಡೂ ಕಡೆ ಮಕ್ಕಳು ಬಹುಸಂಖ್ಯಾತರ ಹಾಗೆ ನಡೆದುಕೊಳ್ಳಲಿಲ್ಲ. ಅವರ ಪೌರತ್ವ ಅದರಿಂದ ಒಂದು ಕೂದಲಷ್ಟೂ ಕಡಿಮೆಯಾಗಲಿಲ್ಲ. "ಇಲ್ಲಿ ನಾವು ಹೀಗೇ ಮಾಡೋದು" ಎನ್ನುವುದನ್ನು ಪ್ರಶ್ನಿಸುವುದು, ಸಾಧ್ಯವಾದರೆ ಬದಲಾಯಿಸುವುದು ಪೌರರ ಕೆಲಸದ ಒಂದು ಭಾಗ. ಅದನ್ನು ಬಿಟ್ಟು ಉಳಿದದ್ದೆಲ್ಲ ಕೊಟ್ಟರೆ, ಕೊಟ್ಟದ್ದು ಬರೀ ವಾಸದ ಪರವಾನಗಿ.

ದಾರಿಹೋಕ:

ಮೇಷ್ಟ್ರೇ, ನೀವು ಹೇಳಿದ ಅನ್ಯಾಯಗಳನ್ನೆಲ್ಲ ಒಪ್ಪುತ್ತೇನೆ. ಆದರೆ ಎದುರಿನ ವಾದವನ್ನು ಇಷ್ಟು ಸುಲಭವಾಗಿ ಬಿಡಬೇಡಿ. ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಜನಾಂಗದ್ವೇಷಿ ಅಂತೂ ಅಲ್ಲ, ಮಹಿಳೆಯರಿಗೆ ಮತ ಬೇಕು ಎಂದು ಬ್ರಿಟನ್ ಸಂಸತ್ತಿನಲ್ಲೇ ವಾದಿಸಿದವನು. ಅವನೇ 1861ರಲ್ಲಿ, ಬೇರೆ ಬೇರೆ ರಾಷ್ಟ್ರೀಯತೆಯ ಜನ ಇರುವ ದೇಶದಲ್ಲಿ ಸ್ವತಂತ್ರ ಸಂಸ್ಥೆಗಳು ನಡೆಯುವುದು ಹೆಚ್ಚುಕಡಿಮೆ ಅಸಾಧ್ಯ ಎಂದು ಬರೆದ. ಅವನ ಕಾರಣ ಸರಳ. ಒಬ್ಬರು ಓದುವ ಪತ್ರಿಕೆಯನ್ನು ಇನ್ನೊಬ್ಬರು ಓದದಿದ್ದರೆ, ಒಬ್ಬರ ಭಾಷಣ ಇನ್ನೊಬ್ಬರಿಗೆ ಅರ್ಥವಾಗದಿದ್ದರೆ, ಜನಾಭಿಪ್ರಾಯ ಎನ್ನುವುದು ಹುಟ್ಟುವುದಾದರೂ ಎಲ್ಲಿ?

ಬೆಲ್ಜಿಯಂ ನೋಡಿ. 2010ರ ಚುನಾವಣೆಯ ನಂತರ ಡಚ್ ಮಾತಾಡುವವರ ಪಕ್ಷಗಳೂ ಫ್ರೆಂಚ್ ಮಾತಾಡುವವರ ಪಕ್ಷಗಳೂ ಹೊಂದಿಕೊಳ್ಳದೆ 541 ದಿನ ಹೊಸ ಸರ್ಕಾರವೇ ಬರಲಿಲ್ಲ. ನಾನು ಕಟ್ಟುವ ತೆರಿಗೆಯಿಂದ ಗುರುತಿಲ್ಲದ ಇನ್ನೊಬ್ಬನಿಗೆ ಚಿಕಿತ್ಸೆ ಆಗಬೇಕಾದರೆ ಅವನೂ ನಮ್ಮವನು ಅನ್ನಿಸಬೇಕು. ಆ ಭಾವನೆ ಕಾನೂನು ಪುಸ್ತಕದಿಂದ ಬರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಹಳೇ ಮೇಷ್ಟ್ರು:

ದಾರಿಹೋಕರೇ, ಒಳ್ಳೆಯ ಆಕ್ಷೇಪ. ಮಿಲ್ಲನ ಕಾರಣದಲ್ಲಿ ಅರ್ಧವನ್ನು ನಾನೂ ಒಪ್ಪುತ್ತೇನೆ. ಪರಸ್ಪರ ಮಾತಾಡಲು ಒಂದು ದಾರಿ ಬೇಕು. ಅದಕ್ಕಾಗಿ ಹೊಸಬರು ಭಾಷೆ ಕಲಿಯಲಿ ಎಂದರೆ ತಪ್ಪಿಲ್ಲ, ಕಲಿಸುವ ವ್ಯವಸ್ಥೆಯನ್ನೂ ಸರ್ಕಾರ ಮಾಡಬೇಕು. ಆದರೆ ಮಾತಾಡಲು ಭಾಷೆ ಕಲಿಸುವುದೇ ಬೇರೆ, ಯಾರು ಮೇಲು ಎಂದು ತೋರಿಸಲು ಭಾಷೆ ಹೇರುವುದೇ ಬೇರೆ. ಬೆಲ್ಜಿಯಂನಲ್ಲಿ ಆ 541 ದಿನವೂ ಹಂಗಾಮಿ ಸರ್ಕಾರ ಇತ್ತು, ಪ್ರಾಂತ್ಯಗಳ ಸರ್ಕಾರಗಳು ಕೆಲಸ ಮಾಡುತ್ತಿದ್ದವು, ಕೊನೆಗೆ ಮಾತುಕತೆಯಲ್ಲೇ ದಾರಿ ಸಿಕ್ಕಿತು.

ಒಂದೇ ಸಂಸ್ಕೃತಿ ಮಾಡಲು ಹೋದ ಶ್ರೀಲಂಕಾದಲ್ಲಿ ಏನಾಯಿತು? ಸ್ವಾತಂತ್ರ್ಯ ಬಂದ 1948ರಲ್ಲೇ ಪೌರತ್ವದ ಕಾಯಿದೆ ಮಾಡಿ, ಚಹಾ ತೋಟಗಳ ಲಕ್ಷಾಂತರ ತಮಿಳರನ್ನು ಹೊರಗಿಟ್ಟರು. 1956ರಲ್ಲಿ ಸಿಂಹಳ ಒಂದೇ ಅಧಿಕೃತ ಭಾಷೆ ಎಂದರು. ಎರಡನ್ನೂ ಮಾಡಿದ್ದು ಚುನಾಯಿತ ಸಂಸತ್ತುಗಳು. 1983ರಿಂದ 2009ರವರೆಗೆ ಅಲ್ಲಿ ನಡೆದ ಯುದ್ಧಕ್ಕೆ ಕಾರಣಗಳು ಹಲವು ಇರಬಹುದು, ಆದರೆ ಈ ಎರಡು ಕಾಯಿದೆಗಳನ್ನು ಬಿಟ್ಟು ಅದನ್ನು ವಿವರಿಸಲು ಆಗುವುದಿಲ್ಲ. ನಮ್ಮವರು ಎನ್ನುವ ಭಾವನೆ ಬೇಕು ಅಂದಿರಿ. ಅದು ಹುಟ್ಟುವುದು ಹಕ್ಕು ಕೊಟ್ಟಾಗ, ಕಿತ್ತುಕೊಂಡಾಗ ಅಲ್ಲ.

ಹಾಗಾದರೆ ಪ್ರಜಾಪ್ರಭುತ್ವಕ್ಕೆ ಸಂಸ್ಕೃತಿ ಬೇಡವೇ ಎಂದು ಓದುಗಿ ಕೇಳಿದ್ದರು. ಬೇಕು, ಖಂಡಿತ ಬೇಕು. ಆದರೆ ಆ ಸಂಸ್ಕೃತಿ ಉಡುಗೆಯಲ್ಲಿ, ಹಬ್ಬದಲ್ಲಿ ಇರುವಂಥದ್ದಲ್ಲ. 1948ರ ನವೆಂಬರ್ 4ರಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಹೇಳಿದ್ದು ಇದನ್ನೇ. ಸಾಂವಿಧಾನಿಕ ನೈತಿಕತೆ, ಅಂದರೆ ಸಂವಿಧಾನದ ರೀತಿನೀತಿಗಳನ್ನು ಮನಸಾರೆ ಗೌರವಿಸುವ ಗುಣ, ಮನುಷ್ಯನಿಗೆ ಸಹಜವಾಗಿ ಬರುವುದಿಲ್ಲ, ಅದನ್ನು ಬೆಳೆಸಿಕೊಳ್ಳಬೇಕು, ನಮ್ಮ ಜನ ಇನ್ನೂ ಅದನ್ನು ಕಲಿಯಬೇಕಿದೆ ಎಂದರು. ಸೋತಾಗ ಫಲಿತಾಂಶ ಒಪ್ಪುವುದು, ಗೆದ್ದಾಗ ಸೋತವರನ್ನು ಶತ್ರು ಎಂದುಕೊಳ್ಳದಿರುವುದು, ಎದುರಿನವನ ಹುಟ್ಟು ನೋಡದೆ ಅವನ ವಾದಕ್ಕೆ ಉತ್ತರ ಕೊಡುವುದು. ಇವೆಲ್ಲ ಅಭ್ಯಾಸದಿಂದ ಬರುವ ಗುಣಗಳು. ಯಾವ ಭಾಷೆಯವರೂ, ಯಾವ ಧರ್ಮದವರೂ ಕಲಿಯಬಹುದು. ನಿಜ ಹೇಳಬೇಕೆಂದರೆ ಆ ಪೋಷಕರ ಸಭೆಯಲ್ಲಿ ಈ ಸಂಸ್ಕೃತಿಯಂತೆ ನಡೆದುಕೊಂಡದ್ದು ನಿಮ್ಮ ತಂಗಿ.

ಕಾನೂನು ಓದಿದವಳು:

ಒಂದು ಮಾತು ಸೇರಿಸಬೇಕು. ಈವರೆಗೆ ಎಲ್ಲರೂ ಬಹುಸಂಖ್ಯಾತರ ಸಂಸ್ಕೃತಿಯ ಬಗ್ಗೆಯೇ ಮಾತಾಡಿದಿರಿ. ಸಣ್ಣ ಸಮುದಾಯಕ್ಕೆ ರಕ್ಷಣೆ ಕೊಡುವ ಕಾಯಿದೆಯಿಂದಲೂ ಅದರೊಳಗಿನ ಹೆಂಗಸರಿಗೆ ಅನ್ಯಾಯ ಆಗಬಹುದು.

ಕೆನಡಾದ ಸಾಂಡ್ರಾ ಲವ್‌ಲೇಸ್ ಮೂಲನಿವಾಸಿ ಮಹಿಳೆ. ಹೊರಗಿನವನನ್ನು ಮದುವೆಯಾದದ್ದಕ್ಕೆ ಮೂಲನಿವಾಸಿ ಎಂಬ ಕಾನೂನಿನ ಮಾನ್ಯತೆಯನ್ನೇ ಕಳೆದುಕೊಂಡರು. ಮದುವೆ ಮುರಿದು ಹಿಂದಿರುಗಿ ಬಂದರೆ ತಮ್ಮ ಜನರ ಮೀಸಲು ನೆಲದಲ್ಲಿ ವಾಸಿಸುವ ಹಕ್ಕಿಲ್ಲ. ಅದೇ ಸಮುದಾಯದ ಗಂಡಸು ಹೊರಗಿನವಳನ್ನು ಮದುವೆಯಾದರೆ ಅವನಿಗೆ ಏನೂ ಆಗುತ್ತಿರಲಿಲ್ಲ. ಅವನ ಹೆಂಡತಿಗೇ ಆ ಮಾನ್ಯತೆ ಸಿಗುತ್ತಿತ್ತು! ಈ ನಿಯಮ ಬರೆದದ್ದು ಕೆನಡಾ ಸರ್ಕಾರ, ಆದರೆ ಅದನ್ನು ಹಾಗೇ ಉಳಿಸಬೇಕು ಎಂದವರು ಸಮುದಾಯದ ಮುಖಂಡರಲ್ಲೂ ಇದ್ದರು. ಸಾಂಡ್ರಾ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ಹೋದರು. 1981ರಲ್ಲಿ ಸಮಿತಿ ಅವರ ಪರವಾಗಿ ನಿಂತಿತು. ನನಗೆ ಇಷ್ಟವಾದದ್ದು ಅದು ಕೊಟ್ಟ ಕಾರಣ. ತನ್ನವರ ಜೊತೆ ತನ್ನ ಸಂಸ್ಕೃತಿಯಲ್ಲಿ ಬದುಕುವ ಹಕ್ಕನ್ನು ಇವರಿಂದ ಕಿತ್ತುಕೊಳ್ಳಲಾಗಿದೆ ಎಂದಿತು. ಅಂದರೆ ಸಂಸ್ಕೃತಿಯ ಹಕ್ಕಿನ ಮೇಲೆಯೇ ಅವರು ಗೆದ್ದರು. 1985ರಲ್ಲಿ ಕೆನಡಾ ಕಾಯಿದೆ ಬದಲಿಸಿತು.

ಸ್ವಿಟ್ಜರ್ಲೆಂಡಿನಲ್ಲೂ ಹೀಗೇ. ಅಲ್ಲಿ ಮಹಿಳೆಯರಿಗೆ ರಾಷ್ಟ್ರಮಟ್ಟದಲ್ಲಿ ಮತದ ಹಕ್ಕು ಬಂದದ್ದೇ 1971ರಲ್ಲಿ. ಅಪೆನ್‌ಜೆಲ್ ಇನ್ನರ್‌ರೋಡನ್ ಎಂಬ ಪುಟ್ಟ ಪ್ರಾಂತ್ಯದ ಗಂಡಸರು ಬಯಲಲ್ಲಿ ಸೇರಿ ಕೈ ಎತ್ತಿ ಮತ ಹಾಕುತ್ತಿದ್ದರು. ಸೊಂಟದಲ್ಲಿದ್ದ ಕತ್ತಿಯೇ ಮತದ ಹಕ್ಕಿನ ಗುರುತು. ಪ್ರಾಂತ್ಯದ ವಿಷಯಗಳಲ್ಲಿ ಹೆಂಗಸರಿಗೆ ಮತ ಕೊಡಲು 1990ರಲ್ಲೂ ಅವರು ಒಪ್ಪಲಿಲ್ಲ. ಅದೇ ವರ್ಷ ದೇಶದ ಸರ್ವೋಚ್ಚ ನ್ಯಾಯಾಲಯ ಕೊಡಲೇಬೇಕು ಎಂದಿತು. ಆ ಬಯಲ ಸಭೆ ಈಗಲೂ ನಡೆಯುತ್ತದೆ. ಹೆಂಗಸರು ಮತದ ಚೀಟಿ ಹಿಡಿದು ಬರುತ್ತಾರೆ, ಗಂಡಸರು ಬೇಕಿದ್ದರೆ ಕತ್ತಿಯನ್ನೇ ತರುತ್ತಾರೆ. ಸಂಪ್ರದಾಯವೇನೂ ಸಾಯಲಿಲ್ಲ.

ಓದುಗಿ:

ಎಲ್ಲರಿಗೂ ತುಂಬಾ ಧನ್ಯವಾದ. ಇಡೀ ಚರ್ಚೆಯನ್ನು ತಂಗಿಗೆ ಕಳಿಸಿದ್ದೇನೆ. ಒಂದು ಅನುಮಾನ ಉಳಿದಿದೆ. ಧರ್ಮದ ವಿಷಯದಲ್ಲಿ ಸರ್ಕಾರ ದೂರ ನಿಲ್ಲಬಹುದು. ಆದರೆ ಕಚೇರಿಯ ಭಾಷೆ, ಶಾಲೆಯ ಭಾಷೆ, ರಜೆಯ ದಿನ? ಇವುಗಳಲ್ಲಿ ಯಾವುದನ್ನಾದರೂ ಆರಿಸಲೇಬೇಕಲ್ಲ? ಆರಿಸಿದ ಕೂಡಲೇ ಯಾರದೋ ಸಂಸ್ಕೃತಿ ಮುಂದೆ ಬಂದುಬಿಡುತ್ತದೆ.

ಹಳೇ ಮೇಷ್ಟ್ರು:

ಸರಿಯಾಗಿ ಹಿಡಿದಿರಿ. ಕೆನಡಾದ ಚಿಂತಕ ವಿಲ್ ಕಿಮ್ಲಿಕಾ ಒತ್ತಿ ಹೇಳುವುದೂ ಇದನ್ನೇ. ಸರ್ಕಾರಕ್ಕೆ ಅಧಿಕೃತ ಧರ್ಮ ಇಲ್ಲದೆ ಇರಬಹುದು, ಭಾಷೆ ಇಲ್ಲದೆ ಇರಲು ಆಗುವುದಿಲ್ಲ. ಆದ್ದರಿಂದ "ಸಂಬಂಧವೇ ಬೇಡ" ಎಂದ ನಿಮ್ಮ ಗುಂಪಿನವರ ವಾದ ಅಲ್ಲಿಗೆ ನಿಲ್ಲುತ್ತದೆ. ನಾನು ನೋಡುವುದು ಎರಡೇ. ಆರಿಸುವಾಗ ಬೇರೆಯವರಿಗೂ ಬಾಯಿ ಇತ್ತೇ, ಆರಿಸಿದ್ದನ್ನು ಮುಂದೆ ತಿದ್ದಲು ದಾರಿ ಇದೆಯೇ. ನ್ಯೂಜಿಲೆಂಡಿನಲ್ಲಿ ಎಷ್ಟೋ ಕಾಲ ಶಾಲೆಯಲ್ಲಿ ಮಾವೋರಿ ಮಾತಾಡಿದ ಮಕ್ಕಳಿಗೆ ಏಟು ಬೀಳುತ್ತಿತ್ತು. 1972ರಲ್ಲಿ ಆ ಭಾಷೆಯನ್ನು ಕಲಿಸಿ ಎಂದು 30,000ಕ್ಕೂ ಹೆಚ್ಚು ಜನ ಸಹಿ ಹಾಕಿ ಸಂಸತ್ತಿಗೆ ಮನವಿ ಕೊಟ್ಟರು. 1987ರಲ್ಲಿ ಅದು ಅಧಿಕೃತ ಭಾಷೆಯಾಯಿತು. 2006ರಲ್ಲಿ ಅಲ್ಲಿನ ಕಿವುಡರ ಸಂಜ್ಞೆ ಭಾಷೆಗೂ ಆ ಸ್ಥಾನ ಸಿಕ್ಕಿತು.