ನಡುಗೋದು ಬಿಟ್ಟರೆ ಬರ್ಕಕ್ಕೆ ಬೇರೇನು ಮಾಡಿಸಬಹುದು?

ಕಾಡುಹಾದಿ: ಎಂಟು-ಹತ್ತು ವರ್ಷದ ಮಕ್ಕಳಿಗೆ ಒಂದು ನೀಳ್ಗತೆ ಬರೀತಿದ್ದೀನಿ. ಪಶ್ಚಿಮಘಟ್ಟದಲ್ಲಿ ಪ್ರಾಣಿಗಳೇ ಕಟ್ಟಿಕೊಂಡ ಊರು. ಕೆಂದಳಿಲು ಅಂಚೆ ಹಂಚುತ್ತೆ, ಮುಳ್ಳುಹಂದಿಯದು ಗೆಡ್ಡೆಗೆಣಸಿನ ಅಂಗಡಿ. ಊರಂಚಿನ ಪೊಟರೆಯಲ್ಲಿ ಒಂಟಿಯಾಗಿ ಒಂದು ಹೆಣ್ಣು ಬರ್ಕ (ಕೂರ ಅಂತಾರಲ್ಲ, ಅದೇ; ಜಿಂಕೆಯಂತೆ ಕಾಣುವ ಪುಟ್ಟ ಕಾಡುಪ್ರಾಣಿ, ಇಂಗ್ಲಿಷಲ್ಲಿ ಮೌಸ್ ಡಿಯರ್). ಎಲ್ಲದಕ್ಕೂ ಅಂಜುತ್ತೆ, ಯಾರನ್ನೂ ಸೇರಲ್ಲ. ಅದು ಬಂದಲ್ಲೆಲ್ಲ ‘ಗಡಗಡ ನಡುಗಿತು’ ಅಂತಲೇ ಆಗ್ತಿದೆ. ಏನು ಮಾಡಲಿ? ಕೊನೆಗೆ ಧೈರ್ಯ ಬಂತು ಅಂತ ಮುಗಿಸಬೇಕಾ?

ತರಗೆಲೆ: ಮೊದಲು ಆ ನಡುಕ ತೆಗೀರಿ. ಅಪಾಯದ ಸುಳಿವು ಸಿಕ್ಕಾಗ ಬರ್ಕ ಅಲುಗದೆ ನಿಂತುಬಿಡುತ್ತೆ. ಮೈಮೇಲಿನ ಬಿಳಿ ಚುಕ್ಕೆ, ಪಟ್ಟೆಗಳು ತರಗೆಲೆಯ ಬಿಸಿಲು-ನೆರಳಲ್ಲಿ ಬೆರೆತುಹೋಗ್ತವೆ. ತೀರಾ ಹತ್ತಿರ ಬಂದರೆ ಮಾತ್ರ ಓಟ. ಭುಜದ ಎತ್ತರ ಒಂದಡಿಯ ಆಸುಪಾಸು, ತೂಕ ಸುಮಾರು 3 ಕೆಜಿ, ತಲೆಮೇಲೆ ಕೊಂಬಿಲ್ಲ. ಎದುರಿಸಿ ನಿಲ್ಲೋ ದೇಹವೇ ಅಲ್ಲ ಅದು.

ನಿಮಗೆ ತುಂಬಾ ಉಪಯೋಗಕ್ಕೆ ಬರೋ ಸಂಗತಿ ಮೆಲುಕು. ಬರ್ಕ ಮೆಲುಕು ಹಾಕುವ ಪ್ರಾಣಿ. ಪೊಟರೆಯಲ್ಲಿ ನೆಮ್ಮದಿಯಾಗಿದ್ದರೆ ದವಡೆ ಆಡ್ತಿರುತ್ತೆ. ಸದ್ದು ಕೇಳಿದರೆ ನಿಲ್ಲಿಸಿ. ‘ಹೆದರಿತು’ ಅನ್ನೋ ಮಾತೇ ಬೇಡ. ಮತ್ತೆ ಮೆಲುಕು ಶುರುವಾದರೆ ಭಯ ಇಳಿಯಿತು ಅಂತ ಮಗುವಿಗೇ ಗೊತ್ತಾಗುತ್ತೆ. ಇದರ ಆಗ್ನೇಯ ಏಷ್ಯಾದ ನಂಟರು ಗಾಬರಿಯಾದರೆ ಹಿಂಗಾಲಿಂದ ನೆಲವನ್ನು ಪಟಪಟ ಬಡೀತವೆ. ಕಲ್ಪನೆಯ ಕತೆ ತಾನೇ, ಧಾರಾಳವಾಗಿ ಎರವಲು ತನ್ನಿ.

ಕತೆಗಂಟು: ಭಯಕ್ಕೆ ವಿಳಾಸ ಕೊಡಿ. ‘ಎಲ್ಲದಕ್ಕೂ’ ಅಂದರೆ ಓದುಗರಿಗೆ ಏನೂ ದಕ್ಕಲ್ಲ. ಮೂರೇ ಸಾಕು: ಮೇಲಿಂದ ಬೀಳುವ ನೆರಳು, ಸೀಳುನಾಯಿಗಳ ಸಿಳ್ಳೆ, ಹೇಳದೆ ಬರುವ ಅತಿಥಿ. ಮೂರಕ್ಕೂ ಬೇರೆಬೇರೆ ಸಿದ್ಧತೆ ಇರಲಿ. ಪೊಟರೆಗೆ ಎರಡು ಬಾಯಿ, ಹೊಳೆಗೆ ಎರಡು ದಾರಿ, ಬಾಗಿಲ ಮುಂದೆ ಒಣಗಿದ ಎಲೆಯ ಹಾಸು, ಕಾಲಿಟ್ಟರೆ ಸದ್ದಾಗಬೇಕು. ಮಳೆ ಬಂದು ಎಲೆ ನೆನೆದರೆ ಸದ್ದಿಲ್ಲ. ಅಲ್ಲೇ ನಿಮ್ಮ ಅಧ್ಯಾಯ ಹುಟ್ಟುತ್ತೆ.

ಇಂಥ ಪಾತ್ರಗಳು ಸೋಲೋದು ಅವಕ್ಕೆ ಆಸೆಯೇ ಇಲ್ಲದಿರೋದರಿಂದ. ಸಂತೆಯಲ್ಲಿ ಮಾತ್ರ ಸಿಗುವ ಯಾವುದೋ ಒಂದು ವಸ್ತು ಅವಳಿಗೆ ಬೇಕೇ ಬೇಕು ಅಂತಿಟ್ಟುಕೊಳ್ಳಿ. ಪ್ರತಿ ಹೆಜ್ಜೆಗೂ ತೂಕ ಬರುತ್ತೆ. ಮಾತು ಕಡಿಮೆ ಮಾಡಿ, ಒಂದು ದೃಶ್ಯಕ್ಕೆ ಎರಡು-ಮೂರು ಸಾಲು. ತೊದಲಿಸೋದು ಬೇಡ; ಕೃತಕ, ಮೇಲಾಗಿ ತೊದಲುವ ಮಕ್ಕಳಿಗೆ ನೋವಾಗುತ್ತೆ.

ಧೈರ್ಯದ ಮುಕ್ತಾಯವಂತೂ ಖಂಡಿತ ಬೇಡ. ಅಂಜುವ ಮಗು ಅದನ್ನು ಓದಿ ‘ಹಾಗಾದರೆ ನಾನೇ ಸರಿ ಇಲ್ಲ’ ಅಂದುಕೊಳ್ಳುತ್ತೆ. ಅವಳ ಎಚ್ಚರವೇ ಊರಿಗೆ ಬೇಕಾಗಲಿ.

ಕಾಡುಹಾದಿ: ಅಪಾಯದ ದೃಶ್ಯದಲ್ಲಿ ಕೋರೆಹಲ್ಲು ಬಳಸಬಹುದಾ?

ತರಗೆಲೆ: ಹೆಣ್ಣಿಗೆ ಬೇಡ. ಮೇಲ್ದವಡೆಯ ಕೋರೆ ಎದ್ದು ಕಾಣೋದು ಗಂಡಿನಲ್ಲಿ. ಇನ್ನೊಂದು, ಬರ್ಕ ಓಡಾಡೋದು ಹೆಚ್ಚಾಗಿ ರಾತ್ರಿ, ಮುಸ್ಸಂಜೆ. ನಡುಹಗಲ ಸಂತೆಗೆ ಕರೆತಂದರೆ ಅದಕ್ಕೊಂದು ಬಲವಾದ ಕಾರಣ ಬೇಕು.

ಹೊಳೆದಂಡೆ: ಊರಿನವರನ್ನೂ ತಿದ್ದಿ. ‘ಹೊರಗೆ ಬಾ, ಏನಾಗಲ್ಲ’ ಅಂತ ಎಲ್ಲರೂ ಎಳೆದಾಡಿದರೆ ಊರು ಕ್ರೂರವಾಗಿ ಕಾಣುತ್ತೆ. ಕೆಂದಳಿಲು ಮರದ ಮೇಲಿಂದಲೇ ಎರಡು ಸಲ ಕೂಗಿ, ಕಾಗದವನ್ನು ಕಲ್ಲಿನ ಮೇಲೆ ಬೀಳಿಸಿ, ತಿರುಗಿ ನೋಡದೆ ಹೋಗಲಿ. ಸ್ನೇಹ ಅಂತ ಬೇರೆ ಹೇಳಬೇಕಾಗಿಲ್ಲ.