ಒಬ್ಬರೇ ಮಕ್ಕಳನ್ನು ಬೆಳೆಸುವವರ ಪ್ರಶ್ನೆಗಳು: ಆಪ್ತಸಮಾಲೋಚಕಿಯ ಉತ್ತರ

ಬಳ್ಳಾರಿ, ಕೊಪ್ಪಳ, ರಾಯಚೂರು ಪೋಷಕರ ಬಳಗದ ಈ ವಾರದ ಪ್ರಶ್ನೋತ್ತರ. ಉತ್ತರಿಸುವವರು ಬಳ್ಳಾರಿಯಲ್ಲಿ ಮಕ್ಕಳು ಮತ್ತು ಕುಟುಂಬಗಳೊಂದಿಗೆ ಕೆಲಸ ಮಾಡುವ ಆಪ್ತಸಮಾಲೋಚಕಿ. ಕೇಳಿದವರ ಹೆಸರು ಹಾಕಿಲ್ಲ.

ಪ್ರಶ್ನೆ (ಸದಸ್ಯೆ, ಬಳ್ಳಾರಿ): ಜೀನ್ಸ್ ಹೊಲಿಗೆ ಘಟಕದಲ್ಲಿ ಕೆಲಸ ಮಾಡುತ್ತೇನೆ. ಪತಿ ತೋರಣಗಲ್ಲು ಕಡೆ ಗುತ್ತಿಗೆ ಕೆಲಸಗಾರರಾಗಿದ್ದರು, ಕಳೆದ ವರ್ಷ ಹೃದಯಾಘಾತದಿಂದ ತೀರಿಕೊಂಡರು. ಹದಿಮೂರು ವರ್ಷದ ಮಗ, ಐದು ವರ್ಷದ ಮಗಳು ಇದ್ದಾರೆ. "ಇನ್ನು ತಂದೆ, ತಾಯಿ ಎರಡೂ ನೀನೇ" ಎಂದು ಎಲ್ಲರೂ ಹೇಳುತ್ತಾರೆ, ಹಾಗೆಯೇ ಇರಲು ನೋಡುತ್ತಿದ್ದೇನೆ. ಮಗಳು ಮತ್ತೆ ಹಾಸಿಗೆ ಒದ್ದೆ ಮಾಡುತ್ತಿದ್ದಾಳೆ. ಅಪ್ಪ ಊರಿಗೆ ಹೋಗಿದ್ದಾರೆ ಎಂದು ಅವಳಿಗೆ ಹೇಳಿದ್ದೇವೆ. ಮಗನದು ಏನೂ ತೊಂದರೆಯಿಲ್ಲ. ತಂಗಿಯನ್ನು ನೋಡಿಕೊಳ್ಳುತ್ತಾನೆ, ಅನ್ನಕ್ಕಿಡುತ್ತಾನೆ, ಒಂದು ದಿನವೂ ಅತ್ತಿಲ್ಲ. ನನಗೇ ಮೊದಲಿನ ಶಕ್ತಿಯಿಲ್ಲ, ಸಣ್ಣದಕ್ಕೂ ಮಕ್ಕಳ ಮೇಲೆ ಕೈ ಎತ್ತುತ್ತಿದ್ದೇನೆ. ಏನು ಮಾಡಲಿ?

ಉತ್ತರ: ಮೊದಲು ಆ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ಎರಡೂ ನೀವೇ ಆಗಬೇಕಿಲ್ಲ, ಆಗಲು ಯಾರಿಂದಲೂ ಸಾಧ್ಯವಿಲ್ಲ. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅದನ್ನು ನಂಬಿ ಬೆನ್ನು ಮುರಿದುಕೊಂಡ ತಾಯಂದಿರು ನನ್ನ ಬಳಿ ಬರುತ್ತಲೇ ಇರುತ್ತಾರೆ. ನಿಮ್ಮ ಮಕ್ಕಳಿಗೆ ಒಬ್ಬ ತಾಯಿ ಸಾಕು, ಆಕೆ ಊಟ ಮಾಡಿ ನಿದ್ದೆ ಮಾಡಿದವಳಾಗಿರಬೇಕು, ಆಕೆಯ ಸುತ್ತ ನಂಬಿಕೆಯ ನಾಲ್ಕು ಜನ ಇರಬೇಕು. ತಂದೆಯ ಜಾಗ ಖಾಲಿಯಾಗಿದೆ. ಅದನ್ನು ಮುಚ್ಚಿಡಬೇಡಿ, ಮನೆಯಲ್ಲಿ ಅವರ ಮಾತು ಬರಲಿ, ಅವರ ಫೋಟೊ ಗೋಡೆಯ ಮೇಲಿರಲಿ.

ಮಗಳ ವಿಷಯ. ಸತ್ತವರು ಮರಳಿ ಬರುವುದಿಲ್ಲ ಎಂಬುದು ಐದರ ಮಗುವಿಗೆ ತಾನಾಗಿ ಹೊಳೆಯುವುದಿಲ್ಲ. ಊರಿಗೆ ಹೋಗಿದ್ದಾರೆ ಎಂದರೆ ಅವಳು ಬಾಗಿಲು ಕಾಯುತ್ತಾಳೆ. ಮಲಗಿದ್ದಾರೆ ಎಂದರೆ ತಾನು ಮಲಗಲು ಹೆದರುತ್ತಾಳೆ. ದೇವರಿಗೆ ಇಷ್ಟವಾದರು ಎಂದರೆ, ನಾಳೆ ಅಮ್ಮನೂ ದೇವರಿಗೆ ಇಷ್ಟವಾದಾಳೆಂದು ಅಂಜುತ್ತಾಳೆ. ಆದ್ದರಿಂದ ನೇರವಾಗಿ ಹೇಳಿ: "ಅಪ್ಪ ಸತ್ತುಹೋದರು. ಅವರ ಎದೆ ಬಡಿಯುವುದು ನಿಂತುಹೋಯಿತು. ಅವರಿಗೆ ಈಗ ನೋವಿಲ್ಲ, ಹಸಿವಿಲ್ಲ. ಅವರು ತಿರುಗಿ ಬರುವುದಿಲ್ಲ. ನೀನು ಹಟ ಮಾಡಿದ್ದಕ್ಕೆ ಹೀಗಾಗಲಿಲ್ಲ." ಕೊನೆಯ ಮಾತನ್ನು ಬಿಡಬೇಡಿ. ಮಕ್ಕಳು ಇಂಥ ತಪ್ಪನ್ನು ಗುಟ್ಟಾಗಿ ತಮ್ಮ ಮೇಲೆ ಹೊತ್ತುಕೊಂಡಿರುತ್ತಾರೆ. ಅವಳು ಅಳಬಹುದು, ಸ್ವಲ್ಪ ಹೊತ್ತಿಗೆ ಆಡಲು ಓಡಬಹುದು, ನಾಳೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಬಹುದು. ಪ್ರತಿ ಸಲವೂ ಅದೇ ಉತ್ತರ ಕೊಡಿ. ಬಿಟ್ಟುಹೋದ ಅಭ್ಯಾಸ ಮರಳುವುದು ದುಃಖದಲ್ಲಿರುವ ಮಕ್ಕಳಲ್ಲಿ ಸಾಮಾನ್ಯ. ಹಾಸಿಗೆಯ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಕಿ, ಬೈಯದೆ ಬಟ್ಟೆ ಬದಲಿಸಿ. ಉರಿಮೂತ್ರ, ಜ್ವರ ಅಥವಾ ವಿಪರೀತ ಬಾಯಾರಿಕೆ ಇದ್ದರೆ ವೈದ್ಯರಿಗೆ ತೋರಿಸಿ.

ನನಗೆ ಹೆಚ್ಚು ಆತಂಕವಿರುವುದು ಆ ಅಳದ ಮಗನ ಬಗ್ಗೆ. ಒಂದು ಸಂಜೆ ಅವನನ್ನು ಒಬ್ಬನನ್ನೇ ಕರೆದುಕೊಂಡು ಅಂಗಡಿಗೋ ನೀರು ತರಲೋ ಹೊರಡಿ. ಈ ವಯಸ್ಸಿನ ಹುಡುಗರು ಎದುರು ಕೂರಿಸಿ ಕೇಳಿದರೆ ಬಾಯಿ ಬಿಡುವುದಿಲ್ಲ, ಜೊತೆಯಲ್ಲಿ ನಡೆಯುವಾಗ ಮಾತಾಡುತ್ತಾರೆ. "ನನಗೆ ಅಪ್ಪನ ನೆನಪು ಬರುತ್ತದೆ, ನಿನಗೆ?" ಎಂದು ನೀವೇ ಶುರುಮಾಡಿ. ನಿಮ್ಮ ಕಣ್ಣಲ್ಲಿ ನೀರು ಬಂದರೆ ಬರಲಿ. ತಾಯಿ ಅತ್ತು ಮತ್ತೆ ಎದ್ದು ಅಡುಗೆ ಮಾಡುವುದನ್ನು ಕಂಡರೆ, ಅಳುವುದರಿಂದ ಮನೆ ಬೀಳುವುದಿಲ್ಲ ಎಂದು ಅವನಿಗೆ ಗೊತ್ತಾಗುತ್ತದೆ.

ಕೈ ಎತ್ತುವುದು ನಿಲ್ಲಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಯಾವ ಹೊತ್ತಿನಲ್ಲಿ ಎತ್ತುತ್ತೀರಿ ಎಂದು ಗಮನಿಸಿ. ನನ್ನ ಬಳಿ ಬರುವ ಹೆಚ್ಚಿನವರಿಗೆ ಅದು ಕೆಲಸದಿಂದ ಮರಳಿದ ಮೊದಲ ಅರ್ಧ ಗಂಟೆ: ಹೊಲಿಗೆ ಯಂತ್ರದ ಸದ್ದು ಇನ್ನೂ ಕಿವಿಯಲ್ಲಿದೆ, ಸೆಕೆ, ಹಸಿವು, ಒಲೆ ಹಚ್ಚಿಲ್ಲ, ಮಕ್ಕಳಿಬ್ಬರೂ ಒಟ್ಟಿಗೆ ದೂರು ಹೇಳುತ್ತಾರೆ. ಆ ಹೊತ್ತಿನಲ್ಲಿ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಮುಖ ತೊಳೆದು, ನೀರು ಕುಡಿದು, ಮಂಡಕ್ಕಿಯನ್ನೋ ಮತ್ತೊಂದನ್ನೋ ತಟ್ಟೆಗೆ ಹಾಕಿಕೊಂಡು ಮಕ್ಕಳ ಜೊತೆ ನೆಲದ ಮೇಲೆ ಕುಳಿತುಬಿಡಿ. ಅಡುಗೆ ಸ್ವಲ್ಪ ತಡವಾಗಲಿ.

ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂಬ ಸ್ಥಿತಿ ಎರಡು ವಾರ ದಾಟಿದರೆ ಅದು ಚಿಕಿತ್ಸೆ ಬೇಕಾದ ಖಿನ್ನತೆಯಾಗಿರಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ. ರಜೆ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಉಚಿತ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯಬೇಕೆನ್ನುವ ಯೋಚನೆ ಬಂದರಂತೂ ಎರಡು ವಾರ ಕಾಯಬೇಡಿ, ಅದೇ ದಿನ ಹೋಗಿ.

ಇನ್ನು ಹಣ. ನನ್ನದು ಮನಸ್ಸಿನ ಕೆಲಸ, ಆದರೆ ಬಾಡಿಗೆಯ ಚಿಂತೆ ತಲೆಯ ಮೇಲಿರುವಾಗ ಮನಸ್ಸಿನ ಮಾತು ಯಾರ ಕಿವಿಗೂ ಇಳಿಯುವುದಿಲ್ಲ. ನಿಮ್ಮ ಪತಿಯ ಸಂಬಳದಲ್ಲಿ ಭವಿಷ್ಯ ನಿಧಿ (ಪಿಎಫ್) ಕಡಿತವಾಗುತ್ತಿತ್ತೇ? ಗುತ್ತಿಗೆ ಕೆಲಸಗಾರರಿಗೂ ಅದು ಇರುತ್ತದೆ. ಇದ್ದರೆ ಆ ಹಣವಷ್ಟೇ ಅಲ್ಲ, ಕೆಲಸದಲ್ಲಿರುವಾಗಲೇ ತೀರಿಕೊಂಡದ್ದರಿಂದ ನಿಮಗೆ ವಿಧವಾ ಪಿಂಚಣಿ, ಇಬ್ಬರು ಮಕ್ಕಳಿಗೂ ಇಪ್ಪತ್ತೈದು ವರ್ಷ ತುಂಬುವವರೆಗೆ ಅದರ ಕಾಲುಭಾಗದಷ್ಟು ಪಿಂಚಣಿ ಪ್ರತ್ಯೇಕವಾಗಿ ಬರುತ್ತದೆ. ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ ಈ ಹಕ್ಕು ಇದೆ. ಜೊತೆಗೆ ಗರಿಷ್ಠ 7 ಲಕ್ಷ ರೂಪಾಯಿವರೆಗಿನ ವಿಮೆಯೂ ಇದೆ. ಇದು ಗೊತ್ತಿಲ್ಲದೆ ಕುಳಿತ ಹೆಣ್ಣುಮಕ್ಕಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮರಣ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ ಹಿಡಿದು ಬಳ್ಳಾರಿಯ ಭವಿಷ್ಯ ನಿಧಿ ಕಚೇರಿಗೆ ಹೋಗಿ ವಿಚಾರಿಸಿ. ಭವಿಷ್ಯ ನಿಧಿ ಇರದಿದ್ದರೆ ನಾಡಕಚೇರಿಯಲ್ಲಿ ವಿಧವಾ ವೇತನಕ್ಕೆ ಅರ್ಜಿ ಹಾಕಿ. ಮಕ್ಕಳಿಗಾಗಿ ಮಿಷನ್ ವಾತ್ಸಲ್ಯ ಎಂಬ ಸರ್ಕಾರಿ ಯೋಜನೆಯ ಪ್ರಾಯೋಜಕತ್ವವಿದೆ, ಆಯ್ಕೆಯಾದ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ನಗರದಲ್ಲಿ ಕುಟುಂಬದ ವಾರ್ಷಿಕ ಆದಾಯ 96,000, ಹಳ್ಳಿಯಲ್ಲಿ 72,000 ರೂಪಾಯಿ ಮೀರಿರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಎಲ್ಲರಿಗೂ ಸಿಗುವುದಿಲ್ಲ, ಬೇಗನೆಯೂ ಸಿಗುವುದಿಲ್ಲ. ಆದರೂ ಹಾಕಿ.

ಪ್ರತಿಕ್ರಿಯೆ (ಸದಸ್ಯ, ಸಿಂಧನೂರು): ಹುಡುಗ ಜವಾಬ್ದಾರಿ ಕಲಿಯುತ್ತಿದ್ದಾನಲ್ಲ, ಅದಕ್ಕೇಕೆ ಆತಂಕ? ತಂದೆ ಹೋದಾಗ ನನಗೂ "ನೀನೇ ಮನೆಯ ಯಜಮಾನ" ಎಂದಿದ್ದರು. ಹಾಗೆಯೇ ಬೆಳೆದೆ, ಚೆನ್ನಾಗಿಯೇ ಇದ್ದೇನೆ.

ಉತ್ತರ: ನೀವು ಚೆನ್ನಾಗಿರುವುದು ನಿಜವಾಗಿಯೂ ಸಂತೋಷದ ವಿಷಯ. ಹುಡುಗ ಅನ್ನಕ್ಕಿಡುವುದನ್ನು ನಾನು ಆಕ್ಷೇಪಿಸುತ್ತಿಲ್ಲ, ಎಲ್ಲ ಗಂಡುಮಕ್ಕಳೂ ಕಲಿಯಲಿ. ಕೆಲಸ ಬೇರೆ, ಚಿಂತೆ ಬೇರೆ. ಇಂಥ ಒಬ್ಬ ಹುಡುಗನ ಶಾಲಾ ಚೀಲದಲ್ಲಿ ಪ್ರವಾಸದ ಚೀಟಿ ಮಡಚಿದ್ದು ಮಡಚಿದಂತೆಯೇ ಇತ್ತು. ಮನೆಯಲ್ಲಿ ತೋರಿಸಿರಲಿಲ್ಲ. ಯಾಕೆ ಎಂದು ಕೇಳಿದರೆ, ಸ್ವಸಹಾಯ ಸಂಘದ ಕಂತು ಯಾವ ವಾರ ಕಟ್ಟಬೇಕು, ಎಷ್ಟು ಬಾಕಿಯಿದೆ ಎಂದು ಬಾಯಿಪಾಠ ಒಪ್ಪಿಸಿದ. ಅವನಿಗೆ ಆ ಲೆಕ್ಕ ಗೊತ್ತಿರಬಾರದಿತ್ತು. ಪಾತ್ರೆ ತೊಳೆಯಲಿ, ತಂಗಿಗೆ ಜಡೆ ಹಾಕಲಿ, ಆದರೆ ಸಂಜೆ ಒಂದು ಗಂಟೆ ಓಣಿಯಲ್ಲಿ ಕ್ರಿಕೆಟ್ ಆಡಲು ಬಿಡಬೇಕು. ಸಾಲದ ಮಾತನ್ನು ದೊಡ್ಡವರು ದೊಡ್ಡವರ ಜೊತೆ ಆಡಲಿ. ಯಜಮಾನಿಕೆಯ ಪಟ್ಟವನ್ನು ಹದಿಮೂರರ ತಲೆಗೆ ಕಟ್ಟುವ ನಮ್ಮ ಕಡೆಯ ರೂಢಿ ನಿಲ್ಲಬೇಕು.

ಪ್ರಶ್ನೆ (ಸದಸ್ಯ, ಗಂಗಾವತಿ): ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಹೆಂಡತಿ ನಮ್ಮನ್ನು ಬಿಟ್ಟು ಹೋಗಿ ಎರಡು ವರ್ಷವಾಯಿತು. ಮಗಳಿಗೆ ಹನ್ನೊಂದು. ಇನ್ನು ದೊಡ್ಡವಳಾಗುವ ಹೊತ್ತು. ಅದನ್ನೆಲ್ಲ ಗಂಡಸು ಹೇಗೆ ಹೇಳುವುದು? ಮನೆಯಲ್ಲಿ ಹೆಂಗಸರಿಲ್ಲ.

ಉತ್ತರ: ಈ ಪ್ರಶ್ನೆ ಕೇಳಿದಿರಲ್ಲ, ಅದಕ್ಕೇ ನಿಮ್ಮ ಮಗಳು ಅದೃಷ್ಟವಂತೆ. ರಕ್ತ ಕಂಡು ತನಗೆ ಏನೋ ಕಾಯಿಲೆ ಬಂತೆಂದು ಹೆದರುವ ಮೊದಲೇ ಅವಳಿಗೆ ತಿಳಿದಿರಬೇಕು. ಅತ್ತೆಯೋ ಚಿಕ್ಕಮ್ಮನೋ ಇದ್ದರೆ ಅವರು ಹೇಳಲಿ. ಇಲ್ಲದಿದ್ದರೆ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ, ಇದು ಅವರು ದಿನವೂ ಮಾಡುವ ಕೆಲಸ. ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್ ಇರುತ್ತದೆ. ಆದರೆ ನೀವು ಪೂರ್ತಿ ದೂರ ಉಳಿಯಬೇಡಿ. ಸಾಮಾನು ತರುವಾಗ ಒಂದು ಪ್ಯಾಡ್ ಪೊಟ್ಟಣವನ್ನೂ ತಂದು ಕಪಾಟಿನಲ್ಲಿಟ್ಟು, "ಇದು ನಿನಗೆ ಬೇಕಾಗುತ್ತದೆ, ಮುಗಿದರೆ ಚೀಟಿಯಲ್ಲಿ ಬರೆ" ಎಂದು ಅಕ್ಕಿ, ಬೇಳೆಯ ದನಿಯಲ್ಲೇ ಹೇಳಿ. ನಾಚಿಕೆಯ ವಿಷಯವಲ್ಲ ಎಂಬುದನ್ನು ನಿಮ್ಮ ದನಿಯಿಂದಲೇ ಕಲಿಯುತ್ತಾಳೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಅವಳ ತಾಯಿಯನ್ನು ಅವಳೆದುರು ಹಳಿಯಬೇಡಿ, ಬಂಧುಗಳು ಹಳಿದರೆ ತಡೆಯಿರಿ. ನಿಮ್ಮ ಸಿಟ್ಟು ನ್ಯಾಯವೇ ಇರಬಹುದು, ಅದನ್ನು ಗೆಳೆಯರ ಮುಂದೆ ಹೇಳಿಕೊಳ್ಳಿ. ಬೆಳೆದಂತೆ ಕನ್ನಡಿಯಲ್ಲಿ ತಾಯಿಯ ಮುಖವೇ ಕಾಣುವ ಹುಡುಗಿಗೆ ಆ ಬೈಗುಳ ತನಗೇ ತಾಗುತ್ತದೆ.

ಪ್ರಶ್ನೆ (ಸದಸ್ಯೆ, ಲಿಂಗಸುಗೂರು): ಗಂಡ ಬಿಟ್ಟ ಮಗಳು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗಿದ್ದಾಳೆ. ಏಳು ವರ್ಷದ ಮೊಮ್ಮಗ ನನ್ನ ಬಳಿ ಇದ್ದಾನೆ. ತಾಯಿ ಫೋನ್ ಮಾಡಿದರೆ ಮಾತಾಡದೆ ಓಡಿಹೋಗುತ್ತಾನೆ. ಆಕೆ ಅಲ್ಲಿ ಅಳುತ್ತಾಳೆ.

ಉತ್ತರ: ಅವನು ಮುನಿಸಿಕೊಂಡಿದ್ದಾನೆ, ಅಂದರೆ ತಾಯಿ ಅವನಿಗೆ ಬೇಕು. "ಮಾತಾಡು, ಅಮ್ಮ ಅಳುತ್ತಿದ್ದಾಳೆ" ಎಂದು ಒತ್ತಾಯಿಸಬೇಡಿ, ಆ ಭಾರ ಅವನಿಗೆ ಬೇಡ. ದಿನವೂ ಒಂದೇ ಹೊತ್ತಿಗೆ ಫೋನ್ ಬರಲಿ. ಸ್ಪೀಕರ್ ಹಾಕಿ ನೀವಿಬ್ಬರು ಮಾತಾಡಿ, ಅವನು ಅಲ್ಲೇ ಆಡಿಕೊಂಡಿರಲಿ. ಅವನ ಕಿವಿ ಇತ್ತಲೇ ಇರುತ್ತದೆ. "ಏನು ಊಟ ಮಾಡಿದೆ" ಎಂಬ ಪ್ರಶ್ನೆಗಿಂತ ತಾಯಿ ತನ್ನ ದಿನದ ಸುದ್ದಿ ಹೇಳಲಿ: ಇವತ್ತು ಎಷ್ಟನೆಯ ಮಹಡಿ ಏರಿದೆ, ಕೆಲಸದ ಜಾಗದಲ್ಲಿ ನಾಯಿ ಮರಿ ಹಾಕಿದೆ. ಬರುವ ದಿನ ಖಚಿತವಾಗಿದ್ದರೆ ಮಾತ್ರ ಹೇಳಲಿ. ಹುಸಿಯಾದ ಒಂದು ಮಾತು ಹತ್ತು ಫೋನುಗಳ ಕೆಲಸವನ್ನು ಕೆಡಿಸುತ್ತದೆ.

ಪ್ರಶ್ನೆ (ಸದಸ್ಯೆ, ಕೊಪ್ಪಳ): ನನಗೆ ಮದುವೆಯಾಗಿಲ್ಲ, ಮಗನಿಗೆ ನಾಲ್ಕು ವರ್ಷ. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರು ಬರೆಯದಿದ್ದರೆ ತೆಗೆದುಕೊಳ್ಳುವುದಿಲ್ಲ ಎಂದರು. ಸುಳ್ಳು ಹೆಸರು ಬರೆದುಬಿಡಲೇ?

ಉತ್ತರ: ಬೇಡ. ಇಂದಿನ ಸುಳ್ಳು ಹೆಸರು ಹತ್ತನೆಯ ತರಗತಿಯ ಅಂಕಪಟ್ಟಿಯವರೆಗೂ ಅವನ ಬೆನ್ನು ಹತ್ತುತ್ತದೆ. ಕಾನೂನು ನಿಮ್ಮ ಪರವಾಗಿದೆ. ಅವಿವಾಹಿತ ತಾಯಿ ತಂದೆಯ ಹೆಸರು ಹೇಳದೆಯೂ ಮಗುವಿನ ಪೋಷಕಿಯಾಗಬಹುದು, ಆಕೆ ಬರೆದುಕೊಡುವ ಅಫಿಡವಿಟ್‌ನ ಮೇಲೆಯೇ ಮಗುವಿಗೆ ಜನನ ಪ್ರಮಾಣಪತ್ರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. 2016ರ ಕೊನೆಯಿಂದ ಪಾಸ್‌ಪೋರ್ಟ್‌ಗೂ ಪೋಷಕರಲ್ಲಿ ಒಬ್ಬರ ಹೆಸರು ಸಾಕು, ಪ್ಯಾನ್ ಕಾರ್ಡಿಗೆ 2018ರಿಂದ ಒಂಟಿ ತಾಯಿಯ ಹೆಸರು ಸಾಕು. ಅರ್ಜಿಯ ಆ ಸಾಲಿನಲ್ಲಿ ಗೆರೆ ಎಳೆದು ನಿಮ್ಮ ಹೆಸರಷ್ಟನ್ನೇ ಬರೆದು ಕೊಡಿ. ಒಪ್ಪದಿದ್ದರೆ ಕಾರಣವನ್ನು ಬರಹದಲ್ಲಿ ಕೇಳಿ, ಎಷ್ಟೋ ಕಡೆ ವಿಷಯ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ದೂರು ಕೊಡಿ, ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೂ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100.

ಶಾಲೆಗೆ ಸೇರಿದ ಮೇಲೆ "ನಿನ್ನ ಅಪ್ಪ ಎಲ್ಲಿ?" ಎಂದು ಯಾರಾದರೂ ಅವನನ್ನು ಕೇಳಿಯೇ ಕೇಳುತ್ತಾರೆ. "ನಮ್ಮ ಮನೆಯಲ್ಲಿ ನಾನು, ಅಮ್ಮ, ಅಜ್ಜಿ ಇದ್ದೇವೆ" ಎಂಬ ಉತ್ತರವನ್ನು, ಅಥವಾ ನಿಮ್ಮ ಮನೆಯಲ್ಲಿ ಯಾರಿದ್ದಾರೋ ಅದನ್ನು, ಅವನ ಬಾಯಲ್ಲಿ ಈಗಲೇ ರೂಢಿ ಮಾಡಿಸಿ. ತರಗತಿಯ ಶಿಕ್ಷಕಿಗೂ ಮೊದಲ ವಾರವೇ ತಿಳಿಸಿಬಿಡಿ.