ವಾಕ್ಯ ಮನುಷ್ಯನಾಗಿ ಬಂತೋ, ಪಠಣವಾಗಿ ಬಂತೋ

ಪುಟ್ಟಿ, ನಿನ್ನ ಪ್ರಶ್ನೆಯನ್ನು ಬೆಳಿಗ್ಗೆಯೇ ನೋಡಿದೆ. ಆತುರದಲ್ಲಿ ಉತ್ತರಿಸುವ ಪ್ರಶ್ನೆಯಲ್ಲವೆಂದು ಇಟ್ಟುಕೊಂಡಿದ್ದೆ. ‘ಮುಸಲ್ಮಾನರೂ ಯೇಸುವನ್ನು ನಂಬುತ್ತಾರಂತೆ, ಹಾಗಾದರೆ ಅವರಿಗೂ ಕ್ರೈಸ್ತರಿಗೂ ವ್ಯತ್ಯಾಸವಾದರೂ ಏನು?’ ಎಂದು ಕೇಳಿದ್ದೀಯ. ಭಾವ, ನೀವು ಅದರ ಕೆಳಗೇ ‘ಇವರಿಗೆ ಯೇಸು, ಅವರಿಗೆ ಮುಹಮ್ಮದರು, ಇವರಿಗೆ ಬೈಬಲ್, ಅವರಿಗೆ ಕುರ್‌ಆನ್, ಅಷ್ಟೇ’ ಎಂದು ಬರೆದಿದ್ದೀರಿ. ಬೇಸರ ಮಾಡಿಕೊಳ್ಳಬೇಡಿ, ಆ ಸಾಲನ್ನು ನಾನು ಒಪ್ಪುವುದಿಲ್ಲ. ಹಾಗೆ ಜೋಡಿ ಕಟ್ಟಿದರೆ ಎರಡೂ ಧರ್ಮಗಳು ಅರ್ಥವಾಗದೆ ಹೋಗುತ್ತವೆ. ಏಕೆಂದು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಕೇಳಿ.

ಬೈಬಲ್ಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಪುಸ್ತಕಗಳಿಗೆ ಸುವಾರ್ತೆ ಎನ್ನುತ್ತಾರೆ. ಅವುಗಳಲ್ಲಿ ಯೋಹಾನನ ಸುವಾರ್ತೆಯ ಮೊದಲ ಪುಟ ತೆಗೆದು ನೋಡು. ಆದಿಯಲ್ಲಿ ವಾಕ್ಯವಿತ್ತು, ಅದು ದೇವರ ಬಳಿ ಇತ್ತು, ಅದೇ ದೇವರಾಗಿತ್ತು, ಆ ವಾಕ್ಯವೇ ಮನುಷ್ಯನಾಗಿ ನಮ್ಮ ನಡುವೆ ವಾಸಮಾಡಿತು ಎಂದು ಅಲ್ಲಿದೆ. ಅಂದರೆ ಕ್ರೈಸ್ತರ ಪಾಲಿಗೆ ದೇವರ ಮಾತು ಎಲ್ಲಕ್ಕಿಂತ ಮೊದಲು ಒಬ್ಬ ವ್ಯಕ್ತಿ. ಬೈಬಲ್ ಆ ವ್ಯಕ್ತಿಯ ಕುರಿತ ಸಾಕ್ಷಿ. ಇಸ್ಲಾಮಿನಲ್ಲಾದರೋ ದೇವರ ಮಾತು ಅರಬ್ಬಿ ಭಾಷೆಯ ಪಠಣವಾಗಿ ಇಳಿಯಿತು. ‘ಕುರ್‌ಆನ್’ ಎಂಬ ಪದಕ್ಕೆ ಪಠಣವೆಂದೇ ಅರ್ಥ. ಹಾಗಾಗಿ ತೂಗಿ ನೋಡಲೇಬೇಕೆಂದರೆ ತಕ್ಕಡಿಯಲ್ಲಿ ಯೇಸುವಿನ ಎದುರು ಕುರ್‌ಆನನ್ನು ಇಡಬೇಕು, ಮುಹಮ್ಮದರನ್ನಲ್ಲ. ಮುಹಮ್ಮದರು ಅದನ್ನು ಪಡೆದವರು, ತಲುಪಿಸಿದವರು. ಈ ದೃಷ್ಟಿಯಿಂದ ಅವರ ಸ್ಥಾನ ಯೇಸುವಿನ ತಾಯಿ ಮರಿಯಳ ಸ್ಥಾನಕ್ಕೆ ಹೆಚ್ಚು ಹತ್ತಿರ. ನಜರೇತಿನಲ್ಲಿ ಮರಿಯಳ ಬಳಿಗೆ ಬಂದ ಗಬ್ರಿಯೇಲ ದೂತನೇ ಮುಸ್ಲಿಮರ ಜಿಬ್ರೀಲ್. ಅಲ್ಲಿ ಪುರುಷಸ್ಪರ್ಶವಿಲ್ಲದ ಗರ್ಭ, ಇಲ್ಲಿ ಅಕ್ಷರ ಕಲಿಯದ ನಾಲಗೆ. ಬಂದದ್ದು ಮನುಷ್ಯ ಹೆಣೆದದ್ದಲ್ಲ ಎಂಬುದನ್ನೇ ಎರಡೂ ಕಥೆಗಳು ಒತ್ತಿ ಹೇಳುತ್ತವೆ. ಇನ್ನು ಸುವಾರ್ತೆಗಳಿಗೆ ಹತ್ತಿರದ್ದು ಯಾವುದೆಂದರೆ ಹದೀಸ್, ಅಂದರೆ ಪ್ರವಾದಿ ಮುಹಮ್ಮದರು ಆಡಿದ ಮಾತು, ನಡೆದುಕೊಂಡ ರೀತಿಯನ್ನು ಸಂಗಾತಿಗಳು ನೆನಪಿಟ್ಟು ಹೇಳಿದ ವರದಿಗಳು.

ಈಗ ಇದೆಲ್ಲ ಶುರುವಾದ ಕಡೆಗೆ ಬರೋಣ. 610ನೇ ಇಸವಿ, ಮೆಕ್ಕಾ ಪಟ್ಟಣದ ಹೊರಗಿನ ಹಿರಾ ಗುಹೆ. ಅಲ್ಲಿ ಒಬ್ಬರೇ ಕುಳಿತು ಧ್ಯಾನಿಸುತ್ತಿದ್ದವರು ಸುಮಾರು ನಲವತ್ತರ ವಯಸ್ಸಿನ ಒಬ್ಬ ವ್ಯಾಪಾರಿ, ಅವರೇ ಮುಹಮ್ಮದರು. ಹುಟ್ಟುವ ಮೊದಲೇ ತಂದೆಯನ್ನು, ಆರನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡು ಅಜ್ಜನ, ಆಮೇಲೆ ತಂದೆಯ ಸಹೋದರ ಅಬೂ ತಾಲಿಬರ ಆಸರೆಯಲ್ಲಿ ಬೆಳೆದವರು. ದೂತ ಬಂದು ‘ಓದು’ ಎನ್ನುತ್ತಾನೆ. ‘ನನಗೆ ಓದಲು ಬರುವುದಿಲ್ಲ’ ಎನ್ನುತ್ತಾರೆ. ಅವರನ್ನು ಬಿಗಿಯಾಗಿ ಹಿಡಿದು ಅದುಮಿ ಮತ್ತೆ ‘ಓದು’ ಎನ್ನುತ್ತಾನೆ. ಹೀಗೆ ಮೂರು ಬಾರಿ ನಡೆಯಿತೆಂದು ಹದೀಸ್ ಹೇಳುತ್ತದೆ. ಆಗ ಬಂದ ಸಾಲುಗಳು ಈಗ ಕುರ್‌ಆನಿನ 96ನೇ ಅಧ್ಯಾಯದ ಆರಂಭದಲ್ಲಿವೆ. ನನ್ನ ಮನಸ್ಸನ್ನು ತಟ್ಟುವುದು ಅದಾದ ಮೇಲಿನ ಗಳಿಗೆ. ಅವರು ನಡುಗುತ್ತಾ ಮನೆಗೆ ಬಂದು ‘ನನಗೆ ಹೊದಿಸಿ, ಹೊದಿಸಿ’ ಎನ್ನುತ್ತಾರೆ. ಹೆಂಡತಿ ಖದೀಜಾ ಹೊದಿಸುತ್ತಾರೆ. ‘ನೀವು ಬಂಧುಗಳನ್ನು ಕೈಬಿಡದವರು, ದುರ್ಬಲರ ಭಾರ ಹೊರುವವರು, ಅತಿಥಿಗಳನ್ನು ಆದರಿಸುವವರು. ದೇವರು ನಿಮ್ಮನ್ನು ಎಂದೂ ಅವಮಾನಕ್ಕೆ ಗುರಿಮಾಡುವುದಿಲ್ಲ’ ಎಂದು ಧೈರ್ಯ ತುಂಬುತ್ತಾರೆ. ಆಮೇಲೆ ತಮ್ಮ ಬಂಧು ವರಕಾ ಎಂಬ ಕುರುಡು ಮುದುಕರ ಬಳಿಗೆ ಕರೆದೊಯ್ಯುತ್ತಾರೆ. ಎಲ್ಲವನ್ನೂ ಕೇಳಿದ ವರಕಾ, ಹಿಂದಿನ ಪ್ರವಾದಿ ಮೋಶೆಯ ಬಳಿಗೆ ಬಂದವನೇ ನಿಮ್ಮ ಬಳಿಗೂ ಬಂದಿದ್ದಾನೆ ಎಂದರಂತೆ. ಆ ವರಕಾ ಕ್ರೈಸ್ತರು. ಇಸ್ಲಾಮಿನ ಸ್ವಂತ ಪರಂಪರೆಯೇ, ಆ ಸಂದೇಶವನ್ನು ಮೊದಲು ಗುರುತಿಸಿದವರು ಒಬ್ಬ ಕ್ರೈಸ್ತ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ಮೆಕ್ಕಾದ ಕುರೈಶ್ ಮನೆತನಗಳಿಗೆ ಈ ಉಪದೇಶ ಹಿಡಿಸಲಿಲ್ಲ. ದೇವರು ಒಬ್ಬನೇ, ವಿಗ್ರಹಗಳು ಸುಳ್ಳು, ಅನಾಥರ ಆಸ್ತಿ ನುಂಗಬೇಡಿ, ಒಂದು ದಿನ ಎಲ್ಲದಕ್ಕೂ ಲೆಕ್ಕ ಕೊಡಬೇಕು ಎಂದರೆ ಅವರಿಗೆ ಹೇಗೆ ಹಿಡಿಸೀತು? ಮೆಕ್ಕಾದ ಆರಾಧನಾ ಮಂದಿರವಾದ ಕಾಬಾ ಆಗ ವಿಗ್ರಹಗಳ ಕ್ಷೇತ್ರವಾಗಿತ್ತು, ಪಟ್ಟಣದ ಪ್ರತಿಷ್ಠೆ ಅದಕ್ಕೆ ಅಂಟಿಕೊಂಡಿತ್ತು. ಕಿರುಕುಳ ಹೆಚ್ಚಾದಾಗ, 615ರ ಸುಮಾರಿಗೆ, ಕೆಲವು ಅನುಯಾಯಿಗಳು ಕೆಂಪು ಸಮುದ್ರ ದಾಟಿ ಅಬಿಸೀನಿಯಾಕ್ಕೆ, ಅಂದರೆ ಇಂದಿನ ಇಥಿಯೋಪಿಯಾದ ಕಡೆಗೆ ಹೋದರು. ಅಲ್ಲಿನ ದೊರೆ ನಜ್ಜಾಶಿ ಕ್ರೈಸ್ತ. ಇವರನ್ನು ಒಪ್ಪಿಸಿ ಎಂದು ಕೇಳಲು ಮೆಕ್ಕಾದವರು ಉಡುಗೊರೆ ಹೊತ್ತು ಹಿಂದೆಯೇ ಬಂದರು.

ಪುಟ್ಟಿ, ನಿನ್ನ ಪ್ರಶ್ನೆಗೆ ಉತ್ತರ ಇರುವುದು ಆ ಆಸ್ಥಾನದಲ್ಲಿ. ಪ್ರವಾದಿಯವರ ಸೋದರಸಂಬಂಧಿ ಜಅಫರ್ ಎದ್ದು ನಿಂತು ಮರ್ಯಮ್ ಅಧ್ಯಾಯದ ಮೊದಲ ಭಾಗವನ್ನು ಪಠಿಸಿದರು. ಮರ್ಯಮ್ ಎಂದರೆ ಮರಿಯಳೇ. ಕುರ್‌ಆನಿನಲ್ಲಿ ಹೆಸರು ಹಿಡಿದು ಕರೆದಿರುವ ಏಕೈಕ ಹೆಂಗಸು ಅವಳು, 19ನೇ ಅಧ್ಯಾಯಕ್ಕೆ ಅವಳದೇ ಹೆಸರು. ಲೂಕನ ಸುವಾರ್ತೆಯಲ್ಲಿ ಛತ್ರದಲ್ಲಿ ಜಾಗವಿಲ್ಲದೆ ಶಿಶುವನ್ನು ಗೋದಲಿಯಲ್ಲಿ ಮಲಗಿಸುತ್ತಾರೆ, ಜೊತೆಗೆ ಯೋಸೇಫನಿದ್ದಾನೆ. ಮರ್ಯಮ್ ಅಧ್ಯಾಯದಲ್ಲಿ ಅವಳ ಜೊತೆ ಯಾರೂ ಇಲ್ಲ. ಹೆರಿಗೆಯ ನೋವು ಅವಳನ್ನು ಒಂದು ಖರ್ಜೂರದ ಮರದ ಬುಡಕ್ಕೆ ತಂದು ನಿಲ್ಲಿಸುತ್ತದೆ. ಇದಕ್ಕೆ ಮೊದಲೇ ನಾನು ಸತ್ತು ಮರೆತುಹೋಗಬಾರದಿತ್ತೇ ಎಂದು ಅವಳು ನರಳುತ್ತಾಳೆ. ಕೆಳಗಿನಿಂದ ಒಂದು ದನಿ ಬರುತ್ತದೆ: ದುಃಖಿಸಬೇಡ, ನಿನ್ನ ಪಾದದ ಬಳಿ ತೊರೆ ಹರಿಯುತ್ತಿದೆ, ಮರದ ಕಾಂಡವನ್ನು ಅಲುಗಾಡಿಸು, ಹಣ್ಣು ಉದುರುತ್ತದೆ. ಆಮೇಲೆ ಮಗುವನ್ನು ಎತ್ತಿಕೊಂಡು ಊರಿಗೆ ಬಂದಾಗ ಜನ ಆಡಿಕೊಳ್ಳುತ್ತಾರೆ, ಅವಳು ಮಾತಾಡದೆ ಮಗುವಿನ ಕಡೆ ಬೆರಳು ತೋರಿಸುತ್ತಾಳೆ, ತೊಟ್ಟಿಲ ಕೂಸೇ ತಾಯಿಯ ಪರವಾಗಿ ಮಾತಾಡುತ್ತದೆ. ಈ ಭಾಗವನ್ನು ಎಷ್ಟು ಸಲ ಓದಿದರೂ ನನಗೆ ಗಂಟಲು ಕಟ್ಟುತ್ತದೆ.

ದೊರೆ ಅತ್ತು ಗಡ್ಡ ಒದ್ದೆಯಾಯಿತಂತೆ. ಮರುದಿನ ಮೆಕ್ಕಾದವರು ಇನ್ನೊಂದು ದಾಳ ಹಾಕಿದರು: ಇವರು ಯೇಸುವನ್ನು ಬರೀ ದಾಸ ಎನ್ನುತ್ತಾರೆ, ಕೇಳಿ ನೋಡಿ ಎಂದರು. ಜಅಫರ್ ಮಾತು ಮರೆಸಲಿಲ್ಲ. ಅವರು ದೇವರ ದಾಸ, ದೂತ, ದೇವರ ಆತ್ಮ, ಕನ್ಯೆ ಮರಿಯಳಲ್ಲಿ ಇರಿಸಿದ ದೇವರ ವಾಕ್ಯ ಎಂದರು. ದೊರೆ ನೆಲದಿಂದ ಒಂದು ಕಡ್ಡಿ ಎತ್ತಿಕೊಂಡು, ನೀವು ಹೇಳಿದ್ದಕ್ಕಿಂತ ಯೇಸು ಈ ಕಡ್ಡಿಯಷ್ಟೂ ಹೆಚ್ಚಿಲ್ಲ ಎಂದನಂತೆ. ಸುತ್ತ ಇದ್ದ ಆಸ್ಥಾನದ ಮುಖ್ಯರು ಗುರುಗುಟ್ಟಿದರೆಂದೂ ಅದೇ ಕಥೆಯಲ್ಲಿದೆ. ದೊರೆಯ ಔದಾರ್ಯವನ್ನು ನಾನು ಮೆಚ್ಚುತ್ತೇನೆ, ಆ ಜನಕ್ಕೆ ಅದರಿಂದ ಆಶ್ರಯ ಸಿಕ್ಕಿತು. ಆದರೆ ಆ ಮುಖ್ಯರು ಸುಮ್ಮನೆ ಗುರುಗುಟ್ಟಲಿಲ್ಲ. ಅವರ ಧರ್ಮದ ಜೀವವೇ ಆ ಕಡ್ಡಿಯಷ್ಟು ಅಂತರದಲ್ಲಿದೆ.

ಏನದು? ಯೇಸು ಸೃಷ್ಟಿಯಾದವರಲ್ಲ, ತಂದೆಯಾದ ದೇವರ ಸ್ವರೂಪವೇ ಆಗಿರುವ ಮಗ ಎಂದು 325ರಲ್ಲಿ ನೈಸೀಯ ಪಟ್ಟಣದಲ್ಲಿ ಸೇರಿದ ಬಿಷಪ್ಪರ ಮಹಾಸಭೆ ವಿಶ್ವಾಸಪ್ರಮಾಣ ಬರೆಯಿತು. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬುದು ತ್ರಿತ್ವ. ಕ್ರೈಸ್ತರು ಮೂರು ದೇವರನ್ನು ಪೂಜಿಸುತ್ತಾರೆಂದು ಯಾರಾದರೂ ಹೇಳಿದರೆ ನಂಬಬೇಡ, ಅವರ ಪಾಲಿಗೂ ದೇವರು ಒಬ್ಬನೇ. ಆದರೆ ಆ ಒಬ್ಬನೊಳಗೇ ಪ್ರೀತಿಸುವ ಸಂಬಂಧವಿದೆ ಎಂಬುದು ಅವರ ನಂಬಿಕೆ. ಇಸ್ಲಾಂ ಅದನ್ನು ಒಪ್ಪುವುದಿಲ್ಲ. 112ನೇ ಅಧ್ಯಾಯ ನಾಲ್ಕೇ ಸಾಲು: ದೇವರು ಒಬ್ಬ, ಯಾರ ಹಂಗೂ ಇಲ್ಲದವನು, ಅವನು ಹೆತ್ತವನಲ್ಲ, ಹುಟ್ಟಿದವನೂ ಅಲ್ಲ, ಅವನಿಗೆ ಸಮನಾದವರಿಲ್ಲ. ಇದೇ ತೌಹೀದ್. ದೇವರ ಜೊತೆ ಇನ್ನೊಬ್ಬರನ್ನು ಸೇರಿಸುವುದು ಶಿರ್ಕ್, ಎಲ್ಲಕ್ಕಿಂತ ದೊಡ್ಡ ಪಾಪ. ಹಾಗೆಂದು ‘ಅಲ್ಲಾಹ್’ ಬೇರೆಯೇ ಒಂದು ದೇವರ ಹೆಸರಲ್ಲ, ಭಾವ. ಅರಬ್ಬಿ ಮಾತಾಡುವ ಕ್ರೈಸ್ತರ ಬೈಬಲ್ಲಿನಲ್ಲೂ ದೇವರಿಗೆ ಅದೇ ಪದ.

ಇನ್ನೊಂದು ಅಂತರ ಶಿಲುಬೆಯದು. ಇದರ ಬೇರು ಆದಾಮನ ಕಥೆಯಲ್ಲಿದೆ. ಆದಾಮನ ತಪ್ಪಿನಿಂದ ಮನುಷ್ಯಕುಲವೇ ಪಾಪದ ಹಿಡಿತಕ್ಕೆ ಸಿಕ್ಕಿತು, ಸ್ವಂತ ಬಲದಿಂದ ಬಿಡಿಸಿಕೊಳ್ಳಲಾಗದು, ಅದಕ್ಕಾಗಿ ದೇವರೇ ಬಂದು ಪ್ರಾಣ ಕೊಟ್ಟು ಮೂರನೆಯ ದಿನ ಎದ್ದ ಎಂಬುದು ಕ್ರೈಸ್ತರ ನಂಬಿಕೆ. ಕುರ್‌ಆನಿನಲ್ಲೂ ಆದಾಮ ಮತ್ತು ಅವನ ಹೆಂಡತಿ ತಪ್ಪುತ್ತಾರೆ, ಇಬ್ಬರೂ ಪಶ್ಚಾತ್ತಾಪಪಡುತ್ತಾರೆ, ದೇವರು ಕ್ಷಮಿಸುತ್ತಾನೆ. ವಿಷಯ ಅಲ್ಲಿಗೆ ಮುಗಿಯಿತು. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಎಂದು ಅದು ಮತ್ತೆ ಮತ್ತೆ ಹೇಳುತ್ತದೆ. ಹಾಗಿರುವಾಗ ಬಲಿಯ ಅಗತ್ಯವೇ ಬೀಳುವುದಿಲ್ಲ. ಶಿಲುಬೆಯ ಘಟನೆಯನ್ನೂ 4ನೇ ಅಧ್ಯಾಯ ಒಪ್ಪುವುದಿಲ್ಲ: ಯೇಸುವನ್ನು ಕೊಲ್ಲಲಿಲ್ಲ, ಶಿಲುಬೆಗೇರಿಸಲಿಲ್ಲ, ಜನರಿಗೆ ಹಾಗೆ ಕಾಣುವಂತಾಯಿತು, ದೇವರು ಅವರನ್ನು ತನ್ನೆಡೆಗೆ ಎತ್ತಿಕೊಂಡ ಎನ್ನುತ್ತದೆ. ಅವರು ಮತ್ತೆ ಬರುತ್ತಾರೆಂದು ಮುಸ್ಲಿಮರೂ ಕಾಯುತ್ತಾರೆ, ಕ್ರೈಸ್ತರೂ ಕಾಯುತ್ತಾರೆ. ಇಷ್ಟು ಹತ್ತಿರ ಬಂದು ಇಷ್ಟು ದೂರ ನಿಲ್ಲುವ ಎರಡು ಧರ್ಮಗಳನ್ನು ‘ಎಲ್ಲಾ ಒಂದೇ’ ಎಂದು ಬಿಡುವುದು ಎರಡೂ ಕಡೆಯ ನಂಬಿಕಸ್ಥರಿಗೆ ಮಾಡುವ ಅನ್ಯಾಯವೆಂದು ನನಗೆ ಅನ್ನಿಸುತ್ತದೆ.

ಕಾನೂನಿನ ವಿಚಾರವನ್ನು ಬೇಗ ಹೇಳಿಬಿಡುತ್ತೇನೆ. ಯೇಸು ರೋಮನ್ನರ ಆಳ್ವಿಕೆಯ ಕೆಳಗೆ ಕೆಲವೇ ವರ್ಷ ಬೋಧಿಸಿದರು, ರೋಮನ್ ಅಧಿಪತಿ ಪಿಲಾತನ ಆಜ್ಞೆಯಂತೆ ಶಿಲುಬೆಗೇರಿದರು. ಅವರ ಅನುಯಾಯಿಗಳಿಗೆ ಸುಮಾರು 300 ವರ್ಷ ಅಧಿಕಾರವೇ ಇರಲಿಲ್ಲ, 313ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲಕ್ಕೆ ತಲೆಯೆತ್ತಿ ನಡೆಯುವಂತಾಯಿತು. ಮುಹಮ್ಮದರು 622ರಲ್ಲಿ ಮದೀನಾಕ್ಕೆ ವಲಸೆ ಹೋದರು. ಮುಸ್ಲಿಮರ ಹಿಜರಿ ಶಕೆ ಶುರುವಾಗುವುದೇ ಆ ವರ್ಷದಿಂದ. ಅಲ್ಲಿ ಹತ್ತು ವರ್ಷ ಅವರೇ ಮುಖಂಡ, ಅವರೇ ನ್ಯಾಯಾಧೀಶ, ಅವರೇ ಸೇನಾನಿ. 630ರಲ್ಲಿ ಮೆಕ್ಕಾ ಅವರ ಕೈಗೆ ಬಂತು, 632ರಲ್ಲಿ ತೀರಿಕೊಂಡರು. ಆದ್ದರಿಂದ ಮದುವೆ, ಆಸ್ತಿಯ ಪಾಲು, ಸಾಲ, ಯುದ್ಧ ಎಲ್ಲದರ ನಿಯಮವೂ ಇಸ್ಲಾಮಿನಲ್ಲಿ ಆರಂಭದಿಂದಲೇ ಧರ್ಮದ ಭಾಗವಾಯಿತು.

ಆಚರಣೆಗೆ ಬಂದರೆ ಐದು ಸ್ತಂಭಗಳ ಹೆಸರು ನಿನಗೆ ಗೊತ್ತೇ ಇರುತ್ತದೆ: ಸಾಕ್ಷ್ಯವಚನ, ದಿನಕ್ಕೆ ಐದು ಹೊತ್ತಿನ ನಮಾಜ್, ರಮದಾನಿನ ಉಪವಾಸ, ಉಳಿತಾಯದ ನೂರಕ್ಕೆ ಎರಡೂವರೆ ಭಾಗ ಝಕಾತ್ ಎಂಬ ದಾನ, ಶಕ್ತಿಯಿದ್ದವರಿಗೆ ಹಜ್, ಅಂದರೆ ಮೆಕ್ಕಾ ಯಾತ್ರೆ. ಇದನ್ನು ಪಟ್ಟಿಯಾಗಿ ಬಾಯಿಪಾಠ ಮಾಡುವುದಕ್ಕಿಂತ ನಾನು ಮೊದಲು ಹೇಳಿದ ಜೋಡಿಯನ್ನು ನೆನಪಿಟ್ಟುಕೊಂಡು ನೋಡು. ಕ್ರೈಸ್ತರ ಆರಾಧನೆಯ ನಡುವೆ ರೊಟ್ಟಿ ಮತ್ತು ದ್ರಾಕ್ಷಾರಸವಿದೆ. ಅದರಲ್ಲಿ ಅವರು ಕ್ರಿಸ್ತನನ್ನೇ ಸ್ವೀಕರಿಸುತ್ತಾರೆ. ಮುಸ್ಲಿಮರ ನಮಾಜಿನಲ್ಲಿ ಕುರ್‌ಆನನ್ನು ಬಾಯಿಂದ ಉಚ್ಚರಿಸುತ್ತಾರೆ. ಎರಡೂ ಕಡೆ ದೇವರ ವಾಕ್ಯ ಮನುಷ್ಯನ ದೇಹದೊಳಗೆ ಹೋಗುತ್ತದೆ. ಸುವಾರ್ತೆಗಳು ಯೇಸು ಆಡಿದ ಅರಾಮಿಕ್ ಭಾಷೆಯಲ್ಲಿ ನಮಗೆ ಬರಲಿಲ್ಲ, ಗ್ರೀಕಿನಲ್ಲಿ ಬಂದವು. ಅದರಿಂದ ಕ್ರೈಸ್ತರಿಗೆ ಧಕ್ಕೆಯೇನೂ ಆಗಲಿಲ್ಲ, ವಾಕ್ಯ ಎಂದರೆ ಯೇಸುವೇ ತಾನೆ. ಕುರ್‌ಆನ್ ಬೇರೆ ಭಾಷೆಗೆ ಬಂದಾಗ ಅದು ಅರ್ಥವಿವರಣೆ ಮಾತ್ರ, ನಮಾಜಿಗೆ ಅರಬ್ಬಿಯದೇ ಬೇಕು. 114 ಅಧ್ಯಾಯಗಳನ್ನೂ ಕಂಠಸ್ಥ ಮಾಡುವ ಹಾಫಿಜರು ಇಂದಿಗೂ ಇರುವುದಕ್ಕೆ ಕಾರಣವೂ ಅದೇ.

ಸುನ್ನಿ, ಶಿಯಾ ವಿಚಾರವನ್ನೂ ಕೇಳಿದ್ದೀಯ. ಅದು ಹುಟ್ಟಿದ್ದು ಪ್ರವಾದಿಯವರ ನಂತರ ಸಮುದಾಯವನ್ನು ನಡೆಸಬೇಕಾದವರು ಯಾರು ಎಂಬ ಪ್ರಶ್ನೆಯಿಂದ. ಪ್ರವಾದಿಯವರ ಮೊಮ್ಮಗ ಹುಸೇನರು ಹತರಾದ 680ರ ಕರ್ಬಲಾದ ಕಥೆಗೆ ಇನ್ನೊಂದು ಸಂದೇಶವೇ ಬೇಕು, ಅದನ್ನು ಇದರ ಕೊನೆಯಲ್ಲಿ ತುರುಕಲು ನನಗೆ ಮನಸ್ಸಿಲ್ಲ.

ಸದ್ಯಕ್ಕೆ ನೀನು ಲೂಕನ ಮೊದಲ ಎರಡು ಅಧ್ಯಾಯ ಓದು, ಆಮೇಲೆ ಕುರ್‌ಆನಿನ 19ನೇ ಅಧ್ಯಾಯದ ಮೊದಲ 36 ಸಾಲು ಓದು. ಎರಡರ ಕನ್ನಡ ಅನುವಾದವೂ ನನ್ನ ಬಳಿ ಇದೆ, ಪುಟಗಳ ಫೋಟೋ ತೆಗೆದು ರಾತ್ರಿಯೊಳಗೆ ಇಲ್ಲಿಯೇ ಹಾಕುತ್ತೇನೆ. ಭಾವ, ನೀವೂ ಓದಿ. ಓದಿದ ಮೇಲೂ ನನ್ನ ಮಾತು ಸರಿಯಿಲ್ಲ ಎನಿಸಿದರೆ ಫೋನ್ ಮಾಡಿ.